ಉಷ್ಣರೋಧಕ ದ್ರವ್ಯಗಳು, ನೈಸರ್ಗಿಕ ಹಾಗೂ ಪುನರ್ಬಳಕೆಯ

ಗೃಹದ ಗೋಡೆ, ಚಾವಣಿ, ನೆಲಗಳ ಮೂಲಕ ಉಷ್ಣವು ಸಂಚರಿಸುವುದನ್ನು ತಗ್ಗಿಸಲು ಬಳಸುವ, ಸಸ್ಯಜನ್ಯವೋ ಪ್ರಾಣಿಜನ್ಯವೋ ಆದ, ಇಲ್ಲವೆ ಬಳಸಿಬಿಟ್ಟ ಪದಾರ್ಥಗಳಿಂದ ಸಿದ್ಧಪಡಿಸಿದ ವಸ್ತುಗಳು. ಇವುಗಳಲ್ಲಿ ಸೆರೆಯಾದ ನಿಶ್ಚಲ ವಾಯುವೇ ಮುಖ್ಯ ನಿರೋಧಕ. ಹಳೆಯ ವೃತ್ತಪತ್ರಿಕೆಗಳನ್ನು ನಾರಾಗಿಸಿ, ಬೆಂಕಿ ಹಾಗೂ ಕೀಟಗಳ ಬಾಧೆಯನ್ನು ತಡೆಯಲೆಂದು ಬೋರಾನ್ ಲವಣಗಳನ್ನು ಬೆರೆಸಿ ಪಡೆದ ಸೆಲ್ಯುಲೋಸ್, ಕುರಿಯ ಉಣ್ಣೆ, ಹಾಗೂ ಪೋರ್ಚುಗಲ್ ದೇಶದ ಓಕ್ ವೃಕ್ಷಗಳಿಂದ, ಅವನ್ನು ಕಡಿಯದೆಯೇ, ಸುಮಾರು 9 ವರ್ಷಗಳಿಗೊಮ್ಮೆ ಸುಲಿದು ತೆಗೆಯುವ ಕಾರ್ಕ್ ತೊಗಟೆ, ಇವುಗಳ ಉಷ್ಣವಾಹಕತೆಯು ಮೀಟರ್-ಕೆಲ್ವಿನ್ನಿಗೆ ಸುಮಾರು 0.04 ವ್ಯಾಟ್ ಇದ್ದು ಗಾಜಿನ ಉಣ್ಣೆಯದಕ್ಕೆ ಸಮೀಪವಾಗಿದೆ. ಆದಕಾರಣ ಆಯ್ಕೆಯನ್ನು ಸ್ಥಳಗುಣವೇ ನಿರ್ಣಯಿಸತಕ್ಕದ್ದು: ತೇವವನ್ನೂ ಭಾರವನ್ನೂ ತಾಳಬೇಕಾದ ನೆಲಕ್ಕೆ ಕಾರ್ಕ್, ಸಂದುಗೊಂದುಗಳಿಗೆ ಊದಿ ತುಂಬಲು ಸೆಲ್ಯುಲೋಸ್, ಆರ್ದ್ರತೆ ಏರಿಳಿಯುವ ಮರದ ಚೌಕಟ್ಟಿಗೆ ತೇವವನ್ನು ಹೀರಿ ಮರಳಿ ಬಿಡಬಲ್ಲ ಉಣ್ಣೆ ಯೋಗ್ಯ. ಯಾವುದನ್ನು ಆರಿಸಿದರೂ ಮಳೆನೀರು ಒಳಹೊಗದಂತೆ ನಿರ್ಮಾಣವಿರಬೇಕು; ನೆನೆದ ನಾರು ನಿರೋಧಶಕ್ತಿಯನ್ನು ಕಳೆದುಕೊಂಡು ಬೂಷ್ಟು ಹಿಡಿಯುತ್ತದೆ.