ಗಗನದಲ್ಲಿ ದಾರಿ ಬಿಡುವ ಯಂತ್ರ

2008ನೆಯ ಇಸವಿ ಹೈದರಾಬಾದಿಗೂ ಬೆಂಗಳೂರಿಗೂ ಹೊಸದೊಂದು ನಂಟನ್ನು ತಂದಿತು. ಆ ವರ್ಷದ ಮಾರ್ಚಿಯಲ್ಲಿ ನಮ್ಮ ಶಂಶಾಬಾದಿನ ವಿಮಾನ ನಿಲ್ದಾಣವೂ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣವೂ ಕೆಲಸಕ್ಕೆ ತೊಡಗಿದುವು. ರಾತ್ರಿಯೆಲ್ಲ ರೈಲಿನಲ್ಲಿ ಕಳೆಯಬೇಕಾಗಿದ್ದ ದಾರಿಯನ್ನು ನಾವು ಈಗ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತೇವೆ. ನೆಲದ ಮೇಲಾದರೋ ಎಡಬದಿಯ ಕಟ್ಟಳೆಯಿದೆ, ಕೈಕಂಬವಿದೆ. ಗೆರೆಯಿಲ್ಲದ ಆಕಾಶದಲ್ಲಿ ಒಂದು ವಿಮಾನ ಮತ್ತೊಂದಕ್ಕೆ ದಾರಿ ಬಿಡುವುದು ಹೇಗೆ? ಈ ಪ್ರಶ್ನೆಗೆ ಮಾನವನು ಉತ್ತರ ಕಂಡುಕೊಂಡುದು ಸುಲಭವಾಗಿ ಅಲ್ಲ. ಅನೇಕ ಪ್ರಾಣಗಳನ್ನು ತೆತ್ತು.

ಮೊದಮೊದಲು ವೈಮಾನಿಕನ ಕಣ್ಣೇ ಅವನಿಗೆ ಕಾವಲು. ನೋಡು, ಕಂಡರೆ ತಪ್ಪಿಸಿಕೊ, ಇಷ್ಟೇ ನಿಯಮ. ಆದರೆ ವೇಗ ಹೆಚ್ಚಿದಂತೆ ಕಣ್ಣು ಸೋತಿತು. ಗಂಟೆಗೆ 800 ಕಿಲೋಮೀಟರ್ ವೇಗದ ಎರಡು ವಿಮಾನಗಳು ಇದಿರಾಗಿ ಬಂದರೆ ಹತ್ತು ಸೆಕೆಂಡಿನಲ್ಲಿ ಅವುಗಳ ನಡುವಿನ ಸುಮಾರು ನಾಲ್ಕೂವರೆ ಕಿಲೋಮೀಟರ್ ಕರಗಿಹೋಗುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಎರಡೂ ನೇರವಾಗಿ ಒಂದೇ ವೇಗದಲ್ಲಿ ಸಾಗಿ ಡಿಕ್ಕಿಗೆ ಬರುವಾಗ, ಇದಿರಿನ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯುವುದೇ ಇಲ್ಲ. ಒಂದೇ ಕಡೆ ಚುಕ್ಕೆಯಂತೆ ನಿಂತು, ಕೊನೆಯ ಗಳಿಗೆಯಲ್ಲಿ ಹಠಾತ್ತನೆ ದೊಡ್ಡದಾಗುತ್ತದೆ. ಚಲಿಸದುದನ್ನು ಕಣ್ಣು ಬೇಗ ಗಮನಿಸದು.

1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಮಂದಿ ಮಡಿದರು. ಆ ಕಾಲದಲ್ಲಿಯೇ ಮಾರೆಲ್ ಎಂಬ ವಿಜ್ಞಾನಿ ಒಂದು ಸರಳವಾದ ಲೆಕ್ಕವನ್ನು ಮುಂದಿಟ್ಟನು. ಇದಿರಿನ ವಿಮಾನ ಎಷ್ಟು ದೂರದಲ್ಲಿದೆ ಎಂಬುದಕ್ಕಿಂತ, ಸೇರಲು ಎಷ್ಟು ಸಮಯ ಉಳಿದಿದೆ ಎಂಬುದೇ ಮುಖ್ಯ. ನಡುವೆ ಹತ್ತು ಕಿಲೋಮೀಟರ್ ಇದ್ದು, ಸೆಕೆಂಡಿಗೆ 400 ಮೀಟರಿನಂತೆ ಅದು ಕುಗ್ಗುತ್ತಿದ್ದರೆ ಉಳಿದುದು 25 ಸೆಕೆಂಡು. ಈ ಲೆಕ್ಕವೇ ಮುಂದಿನ ಯಂತ್ರಗಳಿಗೆಲ್ಲ ತಳಹದಿ.

ಯಂತ್ರ ಕಡ್ಡಾಯವಾಗಲು ಮತ್ತೊಂದು ಅನಾಹುತ ಬೇಕಾಯಿತು. 1986ರ ಆಗಸ್ಟ್ 31ರಂದು ಕ್ಯಾಲಿಫೋರ್ನಿಯದ ಸೆರಿಟೋಸ್ ಊರಿನ ಮೇಲೆ ಜೆಟ್ ವಿಮಾನವೊಂದು ಪೈಪರ್ ಎಂಬ ಪುಟ್ಟ ವಿಮಾನಕ್ಕೆ ತಗುಲಿ, ನೆಲದ ಮೇಲಿದ್ದ 15 ಜನರೂ ಸೇರಿ 82 ಮಂದಿ ಸತ್ತರು. ಮರುವರ್ಷವೇ ಅಮೆರಿಕ ಕಾನೂನು ಮಾಡಿತು. ಹೀಗೆ ಬಳಕೆಗೆ ಬಂದ ಯಂತ್ರದ ಹೆಸರು ಟಿಕಾಸ್. ಇದು ರೇಡಿಯೊ ಅಲೆಯ ಮೂಲಕ, "ಹತ್ತಿರ ಯಾರಿದ್ದೀರಿ?" ಎಂದು ಸುತ್ತಲೂ ಕೇಳುತ್ತದೆ. ಇತರ ವಿಮಾನಗಳಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ತನ್ನ ಎತ್ತರವನ್ನು ತಿಳಿಸಿ ಉತ್ತರ ಕೊಡುತ್ತದೆ. ಉತ್ತರ ಬರಲು ತಗುಲಿದ ಕಾಲದಿಂದ ದೂರ ತಿಳಿಯುತ್ತದೆ. ಅಪಾಯ ಕಂಡರೆ ಮೊದಲು ಎಚ್ಚರಿಕೆ. ಇನ್ನೂ ಸಮೀಪಿಸಿದರೆ ಮೇಲೇರು ಅಥವಾ ಕೆಳಗಿಳಿ ಎಂಬ ಆಜ್ಞೆ. ಎರಡೂ ವಿಮಾನಗಳಲ್ಲಿ ಟಿಕಾಸ್ ಇದ್ದರೆ ಅವು ತಮ್ಮತಮ್ಮಲ್ಲೇ ಮಾತನಾಡಿಕೊಂಡು, ಒಂದು ಏರುವಂತೆಯೂ ಇನ್ನೊಂದು ಇಳಿಯುವಂತೆಯೂ ಒಪ್ಪಂದ ಮಾಡಿಕೊಳ್ಳುತ್ತವೆ.

ನಮ್ಮ ದೇಶ ಈ ಪಾಠವನ್ನು ಕಲಿತುದು 1996ರ ನವೆಂಬರ್ 12ರ ಸಂಜೆ. ದೆಹಲಿಗೆ ಪಶ್ಚಿಮದಲ್ಲಿ, ಹರಿಯಾಣದ ಚರಖಿ ದಾದ್ರಿಯ ಮೇಲೆ ಸೌದಿ ವಿಮಾನ 14,000 ಅಡಿಯಲ್ಲಿತ್ತು. 15,000 ಅಡಿಯಲ್ಲಿ ನಿಲ್ಲಬೇಕಾಗಿದ್ದ ಕಜಕಸ್ತಾನದ ವಿಮಾನ ಇನ್ನೂ ಕೆಳಗಿಳಿಯಿತು. ಎರಡರಲ್ಲಿದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆ ನಡೆಯಿತು. ಆ ದುರಂತದ ತರುವಾಯ ಭಾರತದಲ್ಲಿ ಹಾರುವ ದೊಡ್ಡ ವಿಮಾನಗಳಿಗೆ ಈ ಯಂತ್ರ ಕಡ್ಡಾಯವಾಯಿತು.

ಯಂತ್ರವಿದ್ದರೆ ಸಾಲದು, ಅದರ ಮಾತನ್ನು ಕೇಳಲೂ ಬೇಕು. 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್ಲಿಂಗೆನ್ ಊರಿನ ಮೇಲೆ, ಏರು ಎಂದು ಯಂತ್ರವೂ ಇಳಿ ಎಂದು ನೆಲದ ನಿಯಂತ್ರಕನೂ ಹೇಳಲಾಗಿ, ರಷ್ಯದ ವೈಮಾನಿಕರು ನಿಯಂತ್ರಕನ ಮಾತಿನಂತೆ ಇಳಿದರು. ಇದಿರಿನ ಸರಕು ವಿಮಾನವೂ ತನ್ನ ಯಂತ್ರದ ಆಜ್ಞೆಯಂತೆ ಇಳಿಯುತ್ತಿತ್ತು. 71 ಜನ ಸತ್ತರು. ಇಂಥ ಸಮಯದಲ್ಲಿ ಯಂತ್ರದ ಆಜ್ಞೆಯೇ ಮೇಲು ಎಂಬುದು ಆಮೇಲೆ ಲೋಕಕ್ಕೆಲ್ಲ ಸ್ಪಷ್ಟವಾಯಿತು.

ಅದರ ಫಲವನ್ನು ನಮ್ಮವರೂ ಉಂಡಿದ್ದಾರೆ. 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಎರಡು ವಿಮಾನಗಳು ಒಂದನ್ನೊಂದು ಸಮೀಪಿಸಿದುವು. ಒಂದು ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿತ್ತು. ಇನ್ನೊಂದು ಕೊಯಮತ್ತೂರಿನಿಂದ ನಮ್ಮ ಶಂಶಾಬಾದಿಗೇ ಬರುತ್ತಿತ್ತು. ಎತ್ತರದ ಅಂತರ ಸುಮಾರು 200 ಅಡಿ ಮಾತ್ರ. ಟಿಕಾಸ್ ಕೂಗಿತು, ವೈಮಾನಿಕರು ಕೇಳಿದರು. ಮುನ್ನೂರಕ್ಕೂ ಮಿಕ್ಕಿದ ಪ್ರಯಾಣಿಕರು ಮನೆ ಸೇರಿದರು.

ಇನ್ನು ಗ್ಲೈಡರುಗಳ ಮಾತು. ಎಂಜಿನ್ನಿಲ್ಲದ ಈ ವಿಮಾನಗಳು ಹದ್ದಿನಂತೆ, ಮೇಲೇರುವ ಬಿಸಿಗಾಳಿಯ ಒಂದೇ ಕಂಬದಲ್ಲಿ ನಾಲ್ಕಾರು ಸೇರಿ ಸುತ್ತುತ್ತವೆ. ಸದಾ ಪಕ್ಕಪಕ್ಕದಲ್ಲೇ ಇರುವ ಇವುಗಳಲ್ಲಿ ಟಿಕಾಸ್ ಇಟ್ಟರೆ ಅದು ಬಾಯಿ ಮುಚ್ಚುವುದೇ ಇಲ್ಲ. ಅದಕ್ಕೆ ಬೇಕಾದ ವಿದ್ಯುತ್ತೂ ಅಲ್ಲಿಲ್ಲ. ಇದಕ್ಕಾಗಿ 2004ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ವೈಮಾನಿಕರು ಫ್ಲಾರ್ಮ್ ಎಂಬ ಅಂಗೈಯಗಲದ ಪೆಟ್ಟಿಗೆಯನ್ನು ತಂದರು. ಇದು ಉಪಗ್ರಹಗಳಿಂದ ತನ್ನ ನೆಲೆಯನ್ನು ಅರಿತು, ಮುಂದಿನ ಕೆಲವು ಸೆಕೆಂಡುಗಳಲ್ಲಿ ತಾನು ಎಲ್ಲಿ ತಿರುಗುವೆನೆಂಬುದನ್ನು ಲೆಕ್ಕ ಹಾಕಿ, ರೇಡಿಯೊದಲ್ಲಿ ಸಾರುತ್ತದೆ. ಇತರರು ಸಾರಿದುದನ್ನು ಆಲಿಸುತ್ತದೆ. ದಾರಿಗಳು ಕೂಡುವಂತಿದ್ದರೆ ಮಾತ್ರ ದೀಪ ಹೊತ್ತಿಸಿ ಸದ್ದು ಮಾಡಿ, ಅಪಾಯದ ದಿಕ್ಕನ್ನು ತೋರಿಸುತ್ತದೆ. ಏನು ಮಾಡಬೇಕೆಂದು ಹೇಳದು. ಅದು ವೈಮಾನಿಕನ ವಿವೇಕಕ್ಕೆ ಬಿಟ್ಟುದು.

ಇವೆಲ್ಲಕ್ಕೂ ಮಿತಿಯಿದೆ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ತಾಲೀಮಿನ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಒಬ್ಬರು ಅಸುನೀಗಿದರು. ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವುದೇ ಕಸುಬಾದಲ್ಲಿ ಕಾಯುವುದು ಅಭ್ಯಾಸವೇ ಹೊರತು ಎಚ್ಚರಿಕೆಯ ಗಂಟೆಯಲ್ಲ. ಟ್ರಾನ್ಸ್‌ಪಾಂಡರ್ ಇಲ್ಲದ ವಿಮಾನ ಟಿಕಾಸಿನ ಪಾಲಿಗೆ ಇಲ್ಲವೇ ಇಲ್ಲ. ಫ್ಲಾರ್ಮ್ ಇಲ್ಲದ ಗ್ಲೈಡರ್ ಸಾರುವುದೂ ಇಲ್ಲ, ಕೇಳುವುದೂ ಇಲ್ಲ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಜಂಟಿ ಸಹಿಯ ಖಾತೆ. ಒಬ್ಬನ ಸಹಿಯಿಂದ ನಡೆಯದು. ಆದುದರಿಂದ ಸಣ್ಣ ವಿಮಾನಕ್ಕೆ ಇಷ್ಟೆಲ್ಲ ಖರ್ಚೇಕೆ ಎಂದು ಕೇಳುವವರಿಗೆ ಸೆರಿಟೋಸಿನ ಆ ಪುಟ್ಟ ಪೈಪರನ್ನು ನೆನಪಿಸಬೇಕು. ಅದರಲ್ಲಿ ಟ್ರಾನ್ಸ್‌ಪಾಂಡರ್ ಇತ್ತು. ಎತ್ತರವನ್ನು ತಿಳಿಸುವ ಭಾಗ ಮಾತ್ರ ಇರಲಿಲ್ಲ.