ಉತ್ಸಾಹವೋ ಮತಾಂಧತೆಯೋ? ಫ್ರೆಂಚ್ ಕ್ರಾಂತಿ ಮತ್ತು ಜರ್ಮನ್ ತತ್ವಜ್ಞಾನಿ ಕಾಂಟ್

ಮಾನವನನ್ನು ಮಹತ್ಕಾರ್ಯಗಳಿಗೆ ಪ್ರೇರೇಪಿಸುವ ಉತ್ಸಾಹ ಯಾವುದು? ಅವನನ್ನು ಕುರುಡನನ್ನಾಗಿಸಿ ರಕ್ತಪಾತಕ್ಕೆ ಎಳೆದೊಯ್ಯುವ ಉನ್ಮಾದ ಯಾವುದು? ಹೊರನೋಟಕ್ಕೆ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಎರಡರಲ್ಲೂ ಎದೆ ಉರಿಯುತ್ತದೆ, ಧ್ವನಿ ಏರುತ್ತದೆ, ಪ್ರಾಣದ ಹಂಗು ತೊರೆಯಲಾಗುತ್ತದೆ. ಇವುಗಳ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ ಹದಿನೆಂಟನೆಯ ಶತಮಾನದ ಜರ್ಮನ್ ಚಿಂತಕರನ್ನು ಬಹುವಾಗಿ ಕಾಡಿತು. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಸಿಡಿದಾಗ ಅದು ಕೇವಲ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ.

ಈ ಚರ್ಚೆಯ ಬೇರು ಹದಿನಾರನೆಯ ಶತಮಾನದಲ್ಲಿದೆ. ಮಾರ್ಟಿನ್ ಲೂಥರನು ಚರ್ಚಿನ ಸುಧಾರಣೆಗೆ ಕೈಹಾಕಿದಾಗ, ಅವನಿಗಿಂತಲೂ ಮುಂದೆ ಹೋದ ಕೆಲವರು ತಮಗೆ ದೇವಾತ್ಮವೇ ನೇರವಾಗಿ ಮಾರ್ಗದರ್ಶನ ನೀಡುತ್ತಿದೆಯೆಂದು ಸಾರಿದರು. ಲೂಥರನು ಅವರನ್ನು 'ಶ್ವೆರ್ಮರ್' ಎಂದು ಹಳಿದನು. ಗೂಡು ಬಿಟ್ಟೆದ್ದ ಜೇನ್ನೊಣಗಳಂತೆ ಗೊತ್ತುಗುರಿಯಿಲ್ಲದೆ ಮುತ್ತಿಕೊಳ್ಳುವವರು ಎಂಬ ಭಾವ ಆ ಪದದಲ್ಲಿದೆ. 1525ರ ರೈತ ದಂಗೆಯಲ್ಲಿ ಬೋಧಕ ಥಾಮಸ್ ಮ್ಯುಂಟ್ಸರ್ ಸೆರೆಸಿಕ್ಕಿ ಶಿರಚ್ಛೇದಕ್ಕೊಳಗಾದನು. ಮ್ಯುನ್‌ಸ್ಟರ್ ನಗರದಲ್ಲಿ ತನ್ನನ್ನು ರಾಜನೆಂದು ಘೋಷಿಸಿಕೊಂಡ ಲೈಡನ್ನಿನ ಯಾನ್ ಎಂಬವನ ಆಳ್ವಿಕೆ 1535ರಲ್ಲಿ ರಕ್ತದಲ್ಲಿ ಕೊನೆಗೊಂಡಿತು. ಅಂದಿನಿಂದ ಧಾರ್ಮಿಕ ಆವೇಶವೆಂದರೆ ಅರಾಜಕತೆ ಎಂಬ ಭಯ ಜರ್ಮನ್ ಮನಸ್ಸಿನಲ್ಲಿ ಮನೆಮಾಡಿತು. ಎರಡು ಶತಮಾನಗಳ ಬಳಿಕ ವಿಚಾರವಾದಿಗಳು ಅದೇ ಬೈಗುಳವನ್ನು ತಮಗೆ ಹಿಡಿಸದವರ ಮೇಲೆಲ್ಲ ಪ್ರಯೋಗಿಸತೊಡಗಿದರು.

ಇಮ್ಯಾನುಯೆಲ್ ಕಾಂಟ್ (1724-1804) ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾಗಿ ಯೋಚಿಸಿದನು. ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಕುದುರೆಯ ಜೀನು-ಪಟ್ಟಿಗಳನ್ನು ಮಾಡುವ ಕುಶಲಕರ್ಮಿಯ ಮಗನಾಗಿ, ಭಕ್ತಿಪ್ರಧಾನ ಕ್ರೈಸ್ತ ಕುಟುಂಬದಲ್ಲಿ ಅವನು ಜನಿಸಿದ್ದನು. ಮನಸ್ಸಿನ ವ್ಯಾಧಿಗಳ ಕುರಿತು 1764ರಲ್ಲಿ ಬರೆದ ಪ್ರಬಂಧದಲ್ಲಿ ಅವನು ಎರಡು ಪದಗಳನ್ನು ಬೇರ್ಪಡಿಸಿದನು. ದೇವಲೋಕದೊಂದಿಗೆ ತನಗೆ ವಿಶೇಷ ಸಂಪರ್ಕವಿದೆಯೆಂದು ಭ್ರಮಿಸುವುದು ಮತಾಂಧತೆ. ನೈತಿಕವಾಗಿ ಒಳ್ಳೆಯದಾದುದರ ಕಡೆಗೆ ಹೃದಯ ಮಿತಿಮೀರಿ ಉಕ್ಕುವುದು ಉತ್ಸಾಹ. ಈ ಎರಡನೆಯದಿಲ್ಲದೆ ಲೋಕದಲ್ಲಿ ಯಾವ ಮಹತ್ಕಾರ್ಯವೂ ನಡೆದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಅದೇ ಪ್ರಬಂಧದಲ್ಲಿ ಕಾಂಟನು ಮತಾಂಧತೆಗೆ ಉದಾಹರಣೆಯಾಗಿ ಲೈಡನ್ನಿನ ಯಾನ್‌ನ ಜೊತೆಗೆ ಪ್ರವಾದಿ ಮುಹಮ್ಮದ್(ಸ)ರ ಹೆಸರನ್ನೂ ಎಳೆದು ತಂದನು. ಅದು ಅವನ ಸ್ವಂತ ಅಧ್ಯಯನದ ಫಲವಾಗಿರಲಿಲ್ಲ. ಅಂದಿನ ಯುರೋಪಿನಲ್ಲಿ ಬೇರೂರಿದ್ದ ಪೂರ್ವಗ್ರಹದ ಪ್ರತಿಧ್ವನಿಯಾಗಿತ್ತು. 1741ರಲ್ಲಿ ಮೊದಲು ರಂಗಕ್ಕೆ ಬಂದ ವಾಲ್ಟೇರನ ನಾಟಕವಂತೂ ತನ್ನ ಶೀರ್ಷಿಕೆಯಲ್ಲಿಯೇ ಮತಾಂಧತೆಯನ್ನೂ ಪ್ರವಾದಿವರ್ಯರ ಹೆಸರನ್ನೂ ಜೊತೆಗೂಡಿಸಿತ್ತು. ಆದರೆ ಜರ್ಮನಿಯಲ್ಲಿ ಬೇರೆ ಧ್ವನಿಯೂ ಕೇಳಿಬಂತು. 1779ರಲ್ಲಿ ಲೆಸಿಂಗನು ತನ್ನ 'ನಾಥಾನ್' ನಾಟಕದಲ್ಲಿ ಸುಲ್ತಾನ್ ಸಲಾಹುದ್ದೀನರನ್ನು ಉದಾರ ಮನಸ್ಸಿನ, ಸತ್ಯವನ್ನು ಅರಸುವ ಅರಸನಾಗಿ ಚಿತ್ರಿಸಿದನು. ಕಾಂಟನ ಧಾಟಿಯೂ ಬದಲಾಯಿತು. 1790ರ ತನ್ನ ಮೂರನೆಯ 'ವಿಮರ್ಶೆ'ಯಲ್ಲಿ ಅವನು ಯಹೂದಿ ಧರ್ಮಶಾಸ್ತ್ರದ ವಿಗ್ರಹನಿಷೇಧವನ್ನು ಅತ್ಯಂತ ಭವ್ಯವಾದ ಆಜ್ಞೆಯೆಂದು ಬಣ್ಣಿಸಿ, ಇಸ್ಲಾಮ್ ಧರ್ಮವು ತನ್ನ ಅನುಯಾಯಿಗಳಲ್ಲಿ ಮೂಡಿಸುವ ಅಭಿಮಾನಕ್ಕೂ ಇದೇ ಕಾರಣವೆಂದನು. ಕಣ್ಣಿಗೆ ಕಾಣುವ ಪ್ರತಿಮೆಯನ್ನು ಕಿತ್ತುಕೊಂಡರೆ ಭಕ್ತಿ ಬಡವಾಗುತ್ತದೆಂದು ಹೆದರುವುದು ತಪ್ಪು; ಆಗಲೇ ಮನಸ್ಸು ಎತ್ತರಕ್ಕೇರುತ್ತದೆ ಎಂಬುದು ಅವನ ವಾದ. ಉತ್ಸಾಹವು ಆರೋಗ್ಯವಂತ ಬುದ್ಧಿಗೂ ಒಮ್ಮೊಮ್ಮೆ ತಗಲಿ ಕಳೆದುಹೋಗುವಂಥದು, ಮತಾಂಧತೆಯಾದರೋ ಬುದ್ಧಿಯನ್ನೇ ಕೆಡಿಸುವ ರೋಗ ಎಂದೂ ಅವನು ಅಲ್ಲಿ ವಿವರಿಸಿದನು.

ಅಷ್ಟರಲ್ಲಿ ಫ್ರಾನ್ಸ್ ಹೊತ್ತಿ ಉರಿಯುತ್ತಿತ್ತು. ಕವಿ ಕ್ಲಾಪ್‌ಸ್ಟಾಕ್ ಕ್ರಾಂತಿಯನ್ನು ಹಾಡಿ ಹೊಗಳಿದನು. ತರುಣ ಫಿಕ್ಟೆ 1793ರಲ್ಲಿ ಹೆಸರು ಮರೆಸಿ ಅದರ ಸಮರ್ಥನೆಗೆ ಗ್ರಂಥ ಬರೆದನು. ಕಾಳಿದಾಸನ ಶಾಕುಂತಲವನ್ನು 1791ರಲ್ಲಿ ಇಂಗ್ಲಿಷಿನ ಮೂಲಕ ಜರ್ಮನ್ ಭಾಷೆಗೆ ತಂದಿದ್ದ ಗೇಯೋರ್ಗ್ ಫಾರ್ಸ್ಟರ್ ಇನ್ನೂ ಮುಂದೆ ಹೋದನು. ಫ್ರೆಂಚ್ ಸೇನೆ ಮೈನ್ಸ್ ನಗರವನ್ನು ಹಿಡಿದಾಗ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕನಾಗಿದ್ದ ಅವನು 1793ರಲ್ಲಿ ಅಲ್ಪಾಯುವಾದ ಗಣರಾಜ್ಯವೊಂದರ ಸ್ಥಾಪನೆಗೆ ಕೈಜೋಡಿಸಿದನು. ಕೆಲವೇ ತಿಂಗಳಲ್ಲಿ ಪ್ರಷ್ಯದ ಪಡೆಗಳು ನಗರವನ್ನು ಮರಳಿ ವಶಪಡಿಸಿಕೊಂಡವು. ಪ್ರತಿನಿಧಿಯಾಗಿ ಪ್ಯಾರಿಸಿಗೆ ಹೋಗಿದ್ದ ಫಾರ್ಸ್ಟರ್ ಊರಿಗೆ ಹಿಂದಿರುಗಲಾಗದೆ 1794ರ ಜನವರಿಯಲ್ಲಿ ಅಲ್ಲಿಯೇ ಮಡಿದನು.

ಆದರೆ 1792ರ ಸೆಪ್ಟೆಂಬರ್ ಹತ್ಯಾಕಾಂಡ, 1793ರ ಜನವರಿಯಲ್ಲಿ ಅರಸನ ಶಿರಚ್ಛೇದ, ಬಳಿಕ ಗಿಲೊಟಿನ್ನಿನ ಭಯೋತ್ಪಾದನೆ ಇವುಗಳಿಂದ ಅನೇಕರು ಹಿಂಜರಿದರು. ಕ್ಲಾಪ್‌ಸ್ಟಾಕ್ ನೊಂದು ಮುಖ ತಿರುಗಿಸಿದನು. ಕಾಂಟನ ಶಿಷ್ಯನಾಗಿದ್ದ ಗೆಂಟ್ಸ್, ಕ್ರಾಂತಿಯ ಕಟು ವಿರೋಧಿ ಬರ್ಕನ ಗ್ರಂಥವನ್ನು ಜರ್ಮನ್ ಭಾಷೆಗೆ ಅನುವಾದಿಸಿದನು. ಇದು ಹಳೆಯ ಮತಾಂಧತೆಯೇ, ರಾಜಕೀಯದ ವೇಷ ತೊಟ್ಟು ಬಂದಿದೆ ಎಂಬ ಮಾತು ಬಲಪಡೆಯಿತು.

ಕಾಂಟನ ಬಾಯಿಗೂ ಬೀಗ ಬಿದ್ದಿತು. ಧರ್ಮದ ಕುರಿತಾದ ಅವನ ಬರಹಗಳಿಗಾಗಿ 1794ರ ಅಕ್ಟೋಬರಿನಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ವಿಲಿಯಮನ ಆಜ್ಞಾಪತ್ರ ಅವನಿಗೆ ಛೀಮಾರಿ ಹಾಕಿತು. ಎಪ್ಪತ್ತರ ಮುದುಕ ಮೌನದ ವಚನವಿತ್ತನು. 1797ರಲ್ಲಿ ದೊರೆ ತೀರಿಕೊಂಡ ನಂತರವೇ, ಆ ವಚನ ಆ ದೊರೆಯ ಜೀವಿತಕ್ಕಷ್ಟೇ ಅನ್ವಯವೆಂದು ಹೇಳಿ, ಅವನು ಮರುವರ್ಷ ವಿಶ್ವವಿದ್ಯಾಲಯದ ನಿಕಾಯಗಳ ಕಲಹವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು.

ಅದರಲ್ಲಿ ಅವನು ಕೇಳಿದ ಪ್ರಶ್ನೆ ಇದು: ಮಾನವಕುಲ ಒಳಿತಿನತ್ತ ಸಾಗುತ್ತಿದೆಯೆನ್ನಲು ಏನಾದರೂ ಕುರುಹು ಇದೆಯೇ? ಅವನ ಉತ್ತರ ಅನಿರೀಕ್ಷಿತವಾಗಿತ್ತು. ಕುರುಹು ಇರುವುದು ಕ್ರಾಂತಿಕಾರಿಗಳ ಕೃತ್ಯಗಳಲ್ಲಲ್ಲ. ಕ್ರಾಂತಿ ಗೆಲ್ಲಬಹುದು, ಸೋಲಬಹುದು. ವಿವೇಕಿಯೊಬ್ಬ ಮತ್ತೆಂದೂ ಅಂತಹ ಬೆಲೆ ತೆರಲು ಒಪ್ಪದಷ್ಟು ಕ್ರೌರ್ಯ ಅದರಲ್ಲಿ ತುಂಬಿರಬಹುದು. ಕುರುಹು ಇರುವುದು ದೂರದಲ್ಲಿ ನಿಂತು ನೋಡಿದವರ ಹೃದಯದಲ್ಲಿ. ತಮಗೆ ಚಿಕ್ಕಾಸಿನ ಲಾಭವಿಲ್ಲದಿದ್ದರೂ, ಬಾಯಿಬಿಟ್ಟರೆ ತಮಗೇ ಅಪಾಯವಿದ್ದರೂ, ಪರನಾಡಿನ ಜನರು ತಮ್ಮ ಸಂವಿಧಾನವನ್ನು ತಾವೇ ರೂಪಿಸಿಕೊಳ್ಳುವ ಹಕ್ಕಿಗಾಗಿ ಅವರ ಎದೆ ಮಿಡಿಯಿತು. ಇಂತಹ ಮಿಡಿತಕ್ಕೆ ಮಾನವನ ನೈತಿಕ ಸ್ವಭಾವವಲ್ಲದೆ ಬೇರಾವ ಕಾರಣವೂ ಇರಲಾರದು. ನಿಜವಾದ ಉತ್ಸಾಹವನ್ನು ಸ್ವಾರ್ಥದ ಗಿಡಕ್ಕೆ ಕಸಿಮಾಡಲಾಗದು ಎಂಬುದು ಅವನ ತೀರ್ಮಾನದ ಸಾರ.

ಈ ನಿಲುವಿನಲ್ಲಿ ತೊಡಕಿಲ್ಲವೆಂದಲ್ಲ. ಪ್ರಜೆಗಳಿಗೆ ಬಂಡೇಳುವ ಹಕ್ಕಿಲ್ಲವೆಂದು ಕಾಂಟನು 1793ರಲ್ಲಿ ಸ್ಪಷ್ಟವಾಗಿ ಬರೆದಿದ್ದನು. ಅರಸನನ್ನು ವಿಚಾರಣೆಯ ಹೆಸರಿನಲ್ಲಿ ಕೊಂದುದನ್ನು 1797ರಲ್ಲಿ ಘೋರ ಅಪರಾಧವೆಂದು ಕರೆದಿದ್ದನು. ಹಾಗಾದರೆ ಕೃತ್ಯ ತಪ್ಪು, ಆದರೆ ಅದನ್ನು ಕಂಡು ಮಿಡಿದ ಹೃದಯ ಸರಿಯೇ? ಮೈನ್ಸ್‌ನಲ್ಲಿ ಕಣಕ್ಕಿಳಿದು ಸರ್ವಸ್ವವನ್ನೂ ಕಳೆದುಕೊಂಡ ಫಾರ್ಸ್ಟರನಿಗೆ, ಮನೆಯಲ್ಲಿ ಕುಳಿತ ಪ್ರೇಕ್ಷಕನ ಉತ್ಸಾಹ ಅಗ್ಗವಾಗಿ ಕಂಡಿರಲೂಬಹುದು. ಕಾಂಟನ ಬಳಿ ಇದಕ್ಕೆ ಪೂರ್ಣ ಉತ್ತರವಿರಲಿಲ್ಲ. ಆಳುವವರೇ ಮೇಲಿನಿಂದ ಸುಧಾರಣೆ ತರಬೇಕು, ಲೇಖಕರು ನಿರ್ಭಯವಾಗಿ ಬರೆಯಬೇಕು ಎಂಬಲ್ಲಿಗೆ ಅವನು ನಿಂತನು.

ಆದರೂ ಅವನು ಬಿಟ್ಟುಹೋದ ಒರೆಗಲ್ಲು ಸವೆದಿಲ್ಲ. 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆಯುತ್ತ ಅವನು, ವ್ಯಾಪಾರದ ನೆಪದಲ್ಲಿ ಹಿಂದೂಸ್ತಾನಕ್ಕೆ ಸೈನಿಕರನ್ನು ಕರೆತಂದು ಇಲ್ಲಿನ ಜನರನ್ನು ತುಳಿದ ಯುರೋಪಿಯನ್ನರನ್ನು ಖಂಡಿಸಿದನು. ಭೂಮಿಯ ಒಂದು ಕಡೆ ನಡೆದ ಹಕ್ಕಿನ ಉಲ್ಲಂಘನೆಯ ನೋವು ಎಲ್ಲೆಡೆ ತಟ್ಟುತ್ತಿದೆ ಎಂದನು. ತಾನೆಂದೂ ಕಾಣದ ನಾಡಿನ ಜನರಿಗಾಗಿ ಆಡಿದ ಮಾತದು.

ನಮ್ಮ ಎದೆಯಲ್ಲಿ ಆವೇಶ ಉಕ್ಕಿದಾಗಲೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇದರಿಂದ ನನಗೇನಾದರೂ ಲಾಭವಿದೆಯೇ? ಅನ್ಯಾಯಕ್ಕೊಳಗಾದವನು ನನ್ನವನಲ್ಲದಿದ್ದರೂ ನನ್ನ ಧ್ವನಿ ಇಷ್ಟೇ ಏರುತ್ತಿತ್ತೇ? ನ್ಯಾಯದ ಹೆಸರಿನಲ್ಲಿ ನನ್ನ ಪಾಳೆಯದವರೇ ಕ್ರೌರ್ಯವೆಸಗಿದರೆ ಅದನ್ನು ಕ್ರೌರ್ಯವೆಂದೇ ಕರೆಯಬಲ್ಲೆನೇ? ಈ ಪ್ರಶ್ನೆಗಳನ್ನು ಎದುರಿಸಬಲ್ಲ ಉತ್ಸಾಹ ಸಮಾಜವನ್ನು ಕಟ್ಟುತ್ತದೆ. ಎದುರಿಸಲಾರದ್ದು, ಅದು ಎಷ್ಟೇ ಪವಿತ್ರವಾದ ಹೆಸರು ಹೊತ್ತಿದ್ದರೂ, ಮತಾಂಧತೆಯೇ.