ವ್ಯಾಜ್ಯ ಪರಿಹಾರದಲ್ಲಿ ಕೃತಕ ಬುದ್ಧಿಮತ್ತೆ: ಬೆಂಗಳೂರಿನ ಹೊರವಲಯ

ತಕರಾರುಗಳನ್ನು ಕೋರ್ಟಿನ ಹೊರಗೆ, ಕಂಪ್ಯೂಟರ್ ನೆರವಿನಿಂದ ಬಗೆಹರಿಸುವ ಪದ್ಧತಿ. ಇದು 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಆನ್‌ಲೈನ್ ವ್ಯಾಪಾರದ ಜಗಳಗಳಿಂದ ಬೆಳೆಯಿತು. ಈಥನ್ ಕ್ಯಾಟ್ಷ್, ಜ್ಯಾನೆಟ್ ರಿಫ್ಕಿನ್ 2001ರ ತಮ್ಮ ಪುಸ್ತಕದಲ್ಲಿ ವಾದಿ, ಪ್ರತಿವಾದಿ, ಮಧ್ಯಸ್ಥರ ಜೊತೆಗೆ ತಂತ್ರಜ್ಞಾನವನ್ನು ನಾಲ್ಕನೆಯ ಪಕ್ಷವೆಂದು ಎಣಿಸಿದರು.

ಭಾರತದಲ್ಲಿ ಈ ಪದ್ಧತಿಗೆ ದಾರಿ ತೋರಿದವರಲ್ಲಿ ಒಬ್ಬರು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್‌ನ ಸಹಸಂಸ್ಥಾಪಕ ನಂದನ್ ನಿಲೇಕಣಿ. ಅವರ ನೇತೃತ್ವದ ರಿಸರ್ವ್ ಬ್ಯಾಂಕ್ ಸಮಿತಿ 2019ರಲ್ಲಿ ಡಿಜಿಟಲ್ ಪಾವತಿಯ ದೂರುಗಳಿಗೆ ಎರಡು ಹಂತ ಸೂಚಿಸಿತು: ಮೊದಲು ಯಂತ್ರ, ಆಮೇಲೆ ಮನುಷ್ಯ. 2020ರ ಆಗಸ್ಟ್ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ದರ್ಶಿನಿಯಲ್ಲಿ ಸ್ಕ್ಯಾನ್ ಮಾಡಿದ ಮೇಲೆ ಖಾತೆಯಿಂದ ದುಡ್ಡು ಹೋಗಿ, ಅಂಗಡಿಯವರಿಗೆ ಖಾತ್ರಿ ಸಂದೇಶ ಬಾರದಿದ್ದರೆ, ಐದು ದಿನದೊಳಗೆ ಅದು ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ನಿಯಮ ಪಾಲಿಸುವ ಯಂತ್ರ, ಕಲಿಯುವ ಯಂತ್ರವಲ್ಲ. ಆದರೂ ದಿನಗೂಲಿಯವರಿಗೆ ಬ್ಯಾಂಕಿಗೆ ಅಲೆಯುವುದನ್ನು ತಪ್ಪಿಸುವುದು ಸಣ್ಣ ಮಾತಲ್ಲ.

ಹಣದ ಲೆಕ್ಕಕ್ಕಷ್ಟೇ ನಿಲ್ಲದ, ಮನಸ್ಸು ಒಡೆದ ಜಗಳಗಳ ಕತೆ ಬೇರೆ. ಭವಿಷ್ಯ ನಿಧಿ (ಪಿಎಫ್) ಹಣ ಹಿಂಪಡೆಯಲು ಹೇರಿದ ಹೊಸ ನಿರ್ಬಂಧದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಹೆಬ್ಬಗೋಡಿ ಪೊಲೀಸ್ ಠಾಣೆಯ ಆವರಣದಲ್ಲಿ ವಾಹನಗಳು ಉರಿದವು. ಕೇಂದ್ರ ಸರ್ಕಾರ ಆದೇಶ ಹಿಂಪಡೆದ ಮೇಲಷ್ಟೇ ಬೀದಿ ತಣ್ಣಗಾಯಿತು. ಆದೇಶಕ್ಕೆ ಮೊದಲೇ ಅವರ ಮಾತು ಕೇಳುವ ದಾರಿ ಇರಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಸಾವಿರಾರು ಜನರ ಅಭಿಪ್ರಾಯ ಕೇಳಿ ಗುಂಪುಗೂಡಿಸುವ ಇಂಥ ಕೆಲಸಕ್ಕೇ ವಿಶ್ವಸಂಸ್ಥೆ 2020ರಲ್ಲಿ ಯೆಮೆನ್, ಲಿಬಿಯಾ ಶಾಂತಿ ಮಾತುಕತೆಗಳಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸಿತು. ಅಲ್ಲಿ ಅರಬ್ಬಿ ಆಡುಮಾತುಗಳನ್ನು ಯಂತ್ರಕ್ಕೆ ಅರ್ಥಮಾಡಿಸುವುದೇ ದೊಡ್ಡ ಕೆಲಸವಾಗಿತ್ತು. ಕನ್ನಡ, ಒಡಿಯಾ, ಹಿಂದಿ ಬೆರೆತ ಪೀಣ್ಯದಲ್ಲೂ ಭಾಷೆಯದೇ ಮೊದಲ ತೊಡಕು. 2023ರಲ್ಲಿ ಓಪನ್‌ನ್ಯಾಯ್, ಎಐ4ಭಾರತ್, ಮೈಕ್ರೋಸಾಫ್ಟ್ ಸೇರಿ ರೂಪಿಸಿದ ‘ಜುಗಲ್‌ಬಂದಿ’ ಚಾಟ್‌ಬಾಟ್ ಹಲವು ಭಾರತೀಯ ಭಾಷೆಗಳಲ್ಲಿ ಸರ್ಕಾರಿ ಯೋಜನೆಗಳ ಮಾಹಿತಿ ಕೊಡಲೆಂದು ಬಂತು. ಸಂಧಾನ ಅದರ ಕೆಲಸವಾಗಿರಲಿಲ್ಲ.

ಹೈಕೋರ್ಟಿನ ಆಶ್ರಯದಲ್ಲಿ 2007ರಿಂದ ನಡೆದಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ಎದುರು ಕೂರುವುದು ಇಂದಿಗೂ ತರಬೇತಿ ಪಡೆದ ಮನುಷ್ಯರೇ. 2023ರ ಮಧ್ಯಸ್ಥಿಕೆ ಕಾಯ್ದೆ ಆನ್‌ಲೈನ್ ಸಂಧಾನಕ್ಕೆ ಅವಕಾಶ ಕೊಟ್ಟಿದ್ದರೂ ಎರಡೂ ಪಕ್ಷಗಳ ಲಿಖಿತ ಒಪ್ಪಿಗೆ ಬೇಕು. ರಾಜಿ ಪತ್ರವನ್ನು ದೃಢೀಕರಿಸಬೇಕಾದವರು ಮಧ್ಯಸ್ಥಗಾರರು.